ಬೆಳಗಾವಿ ಸೀಮೆಯಲ್ಲಿ ಸ್ವಚ್ಛ ರಾಸಾಯನಿಕ ಘಟಕ ಕಟ್ಟುವವರು ನೀತಿಯನ್ನು ಓದಿಕೊಳ್ಳಬೇಕಾದ ಬಗೆ

ಬೆಳಗಾವಿಯ ಹೊನಗಾದಲ್ಲಿ, ಬಾಗಲಕೋಟೆಯ ನವನಗರದಲ್ಲಿ ಅಥವಾ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ರಾಸಾಯನಿಕ ಇಲ್ಲವೇ ಔಷಧ ಘಟಕ ತೆರೆಯಬೇಕೆಂದು ಹೊರಟವರು ಮೊಟ್ಟಮೊದಲು ಕೇಳುವುದು ಸಹಾಯಧನ ಎಷ್ಟು ಸಿಗುತ್ತದೆ ಎಂಬುದನ್ನು. ಆ ಪ್ರಶ್ನೆ ತಪ್ಪಲ್ಲ, ಆದರೆ ಅದು ಕೊನೆಗೆ ಬರಬೇಕಾದ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದದ್ದು ಘಟಕದಿಂದ ಹೊರಗೆ ಏನೇನು ಹೋಗುತ್ತದೆ, ಎಷ್ಟು ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಏಕೆಂದರೆ ಈ ಉದ್ಯಮವನ್ನು ಆಳುವ ಬಹುಪಾಲು ನಿಯಮಗಳು ಉತ್ಪನ್ನದ ಸುತ್ತ ಅಲ್ಲ, ಉತ್ಪನ್ನದ ಹಿಂದೆ ಉಳಿಯುವ ನೀರು, ದ್ರಾವಕ ಮತ್ತು ಕೆಸರಿನ ಸುತ್ತ ಹೆಣೆದುಕೊಂಡಿವೆ. ಆ ಲೆಕ್ಕ ಕೈಯಲ್ಲಿದ್ದವರಿಗೆ ನೀತಿ ಆಸರೆಯಾಗುತ್ತದೆ. ಇಲ್ಲದವರಿಗೆ ಅದೇ ನೀತಿ ಅಡ್ಡಗೋಡೆಯಾಗಿ ಕಾಣುತ್ತದೆ.

ನಮ್ಮ ಸೀಮೆಯಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಕಾರಣವೂ ಇದೆ. ಘಟಪ್ರಭೆಗೆ ಬಿಟ್ಟದ್ದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಆಲಮಟ್ಟಿಯ ಹಿನ್ನೀರಿನಲ್ಲಿ ನಿಲ್ಲುತ್ತದೆ. ಮಲಪ್ರಭೆಗೆ ಬಿಟ್ಟದ್ದು ಕೂಡಲಸಂಗಮಕ್ಕೆ ಬರುತ್ತದೆ. ಮಳೆಗಾಲದಲ್ಲಿ ಊರುಗಳನ್ನೇ ನುಂಗುವ ಕೃಷ್ಣೆ ಮಾರ್ಚ್‌ನಿಂದ ಮೇವರೆಗೆ ಎಷ್ಟು ಸೊರಗುತ್ತದೆಂದರೆ ಕೊಯ್ನಾದಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಕೇಳಿಕೊಳ್ಳುವ ಪರಿಸ್ಥಿತಿ ಮತ್ತೆ ಮತ್ತೆ ಬರುತ್ತದೆ. ಹರಿಯುವ ನೀರು ಇಲ್ಲದ ನದಿಗೆ ಸಂಸ್ಕರಿಸಿದ ತ್ಯಾಜ್ಯನೀರನ್ನು ಬಿಟ್ಟರೂ ಅದನ್ನು ತೆಳುಗೊಳಿಸಲು ಅಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಕಾಗದದ ಮೇಲಿನ ಮಿತಿಯನ್ನು ಪಾಲಿಸಿದರೆ ಸಾಕೆಂಬ ಲೆಕ್ಕಾಚಾರ ಇಲ್ಲಿ ಬೇಸಿಗೆಯಲ್ಲಿ ಕೈಕೊಡುತ್ತದೆ.

ನೀತಿಯಿಂದ ಹೊಸತು ಹುಟ್ಟುವ ಬಗೆ

ನೀತಿ ಹೇಗೆ ಹೊಸ ಶೋಧಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳನ್ನು ನೋಡಿದರೆ ಸಾಕು. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆಯುವಾಗ ಸುಮಾರು 8ರಿಂದ 15 ಲೀಟರ್ ಕಡು ಕಂದು ಬಣ್ಣದ ಸ್ಪೆಂಟ್ ವಾಶ್ ಉಳಿಯುತ್ತದೆ. ಇದು ಹಳ್ಳ ಸೇರಿದಾಗ ಮೀನು ಸತ್ತು ತೇಲುವುದನ್ನು, ಬಾವಿಯ ನೀರು ಕೆಂಪಾಗುವುದನ್ನು ಕಬ್ಬಿನ ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ. 2003ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಮತ್ತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೆಚ್ಚು ಮಾಲಿನ್ಯಕಾರಕವಾದ 17 ಬಗೆಯ ಉದ್ಯಮಗಳೊಂದಿಗೆ ಒಂದು ಸನ್ನದು ಮಾಡಿಕೊಂಡು, ಡಿಸ್ಟಿಲರಿಗಳು ನದಿ ಹಳ್ಳಗಳಿಗೆ ಒಂದು ಹನಿಯನ್ನೂ ಬಿಡಬಾರದೆಂಬ ಗುರಿಯನ್ನೂ ಗಡುವನ್ನೂ ಇಟ್ಟವು. ಗುರಿ ಒಂದೇ ಆದರೂ ಅದನ್ನು ಮುಟ್ಟಲು ಒಂದಕ್ಕಿಂತ ಹೆಚ್ಚು ದಾರಿಗಳಿದ್ದವು: ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿಯೊಂದಿಗೆ ಬೆರೆಸಿ ಗೊಬ್ಬರ ಮಾಡುವುದು, ಜೈವಿಕ ಅನಿಲ ತೆಗೆಯುವುದು, ಗಟ್ಟಿಗೊಳಿಸಿ ಬಾಯ್ಲರ್‌ನಲ್ಲಿ ಸುಡುವುದು. ಗಡುವಿನೊಳಗೆ ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಆದರೆ ಸುಡುವ ದಾರಿ ಹಿಡಿದ ಕಾರ್ಖಾನೆಗಳಲ್ಲಿ ಉಗಿಯೂ ವಿದ್ಯುತ್ತೂ ದೊರೆತು, ಕೊನೆಗೆ ಪೊಟ್ಯಾಷ್ ತುಂಬಿದ ಬೂದಿ ಉಳಿಯಿತು.

ಪೊಟ್ಯಾಷ್ ಗೊಬ್ಬರವನ್ನು ಬಹುಮಟ್ಟಿಗೆ ಆಮದು ಮಾಡಿಕೊಳ್ಳುವ ದೇಶದಲ್ಲಿ ಆ ಬೂದಿ ಬಹುಕಾಲ ತ್ಯಾಜ್ಯವಾಗಿಯೇ ಬಿದ್ದಿತ್ತು, ಏಕೆಂದರೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಅದಕ್ಕೊಂದು ಹೆಸರೂ ಗುಣಮಟ್ಟವೂ ಬೇಕಾಗಿದ್ದವು. ಕಾಕಂಬಿ ಮೂಲದ ಪೊಟ್ಯಾಷ್ ಎಂಬ ಹೆಸರಿನಲ್ಲಿ, ಶೇ 14.5ರಷ್ಟು ಪೊಟ್ಯಾಷ್ ಅಂಶದ ಗೊಬ್ಬರವಾಗಿ ಅದು ಮಾನ್ಯತೆ ಪಡೆದು 2021ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನದ ವ್ಯಾಪ್ತಿಗೂ ಬಂದಿತು; 2024ರ ಜನವರಿಯಲ್ಲಿ ಸಕ್ಕರೆ ಕಾರ್ಖಾನೆಗಳು ಗೊಬ್ಬರ ಕಂಪನಿಗಳಿಗೆ ಅದನ್ನು ಟನ್ನಿಗೆ 4,263 ರೂಪಾಯಿಯಂತೆ ಮಾರಬಹುದೆಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಕಠಿಣವಾದ ಗುರಿ, ಮೊದಲೇ ತಿಳಿದ ದಿನಾಂಕ ಇವೆರಡರಿಂದ ಅರ್ಧ ಕೆಲಸವಷ್ಟೇ ಆಯಿತು; ಉಳಿದ ಅರ್ಧ ಆದದ್ದು ತ್ಯಾಜ್ಯದಿಂದ ಹುಟ್ಟಿದ ವಸ್ತುವಿಗೆ ಮಾರುಕಟ್ಟೆಯ ಬಾಗಿಲು ತೆರೆಯುವ ಇನ್ನೊಂದು ಇಲಾಖೆಯ ಆದೇಶ ಬಂದಾಗ. ನಿಮ್ಮ ಯೋಜನೆಗೂ ಇದೇ ಅಳತೆಗೋಲು. ನಿಮ್ಮನ್ನು ಕಟ್ಟಿಹಾಕುವ ನಿಯಮ ಯಾವುದು ಎಂಬುದರ ಜೊತೆಗೆ, ನಿಮ್ಮ ಉಪ ಉತ್ಪನ್ನಕ್ಕೆ ಹೆಸರು ಕೊಡುವ ನಿಯಮ ಯಾವ ಇಲಾಖೆಯಲ್ಲಿದೆ ಎಂಬುದನ್ನೂ ಹುಡುಕಿಟ್ಟುಕೊಳ್ಳಿ.

ಒಂದು ಹಾಳೆಯ ಲೆಕ್ಕ

ಹಾಗಾಗಿ ಮೊದಲ ಕೆಲಸವೆಂದರೆ ಒಂದು ದೊಡ್ಡ ಹಾಳೆಯಲ್ಲಿ ಒಳಬರುವುದನ್ನೂ ಹೊರಹೋಗುವುದನ್ನೂ ಕಿಲೋದಲ್ಲಿ ಬರೆಯುವುದು. 1992ರಲ್ಲಿ ರೋಜರ್ ಶೆಲ್ಡನ್ ಎಂಬ ರಸಾಯನ ವಿಜ್ಞಾನಿ ಇದಕ್ಕೊಂದು ಸರಳ ಅಳತೆಯನ್ನು ಕೊಟ್ಟರು: ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ ಹುಟ್ಟುತ್ತದೆ ಎಂಬ ಸಂಖ್ಯೆ, ಅಂದರೆ ಇ ಫ್ಯಾಕ್ಟರ್. ದೊಡ್ಡ ಪ್ರಮಾಣದ ಸಾಮಾನ್ಯ ರಾಸಾಯನಿಕಗಳಲ್ಲಿ ಇದು ಐದರೊಳಗೆ ಇರುತ್ತದೆ. ಔಷಧಗಳಲ್ಲಿ 25ರಿಂದ 100ಕ್ಕೂ ಮೇಲೆ ಹೋಗುತ್ತದೆ. ರೋಗ ಗುಣಪಡಿಸುವ ಉದ್ಯಮವೇ ಪ್ರತಿ ಕಿಲೋಗೆ ಅತಿ ಹೆಚ್ಚು ತ್ಯಾಜ್ಯ ಹುಟ್ಟಿಸುತ್ತದೆ ಎಂಬುದು ಹೊಸದಾಗಿ ಬರುವವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರಬೇಕು.

ನಮ್ಮದೇ ಬೆಳೆಯಾದ ಅರಿಶಿಣವನ್ನು ತೆಗೆದುಕೊಳ್ಳೋಣ. ಒಣ ಅರಿಶಿಣದಲ್ಲಿ ಕುರ್ಕ್ಯುಮಿನ್ ಬಗೆಯ ದ್ರವ್ಯ ಸ್ಥೂಲವಾಗಿ ಶೇ 3ರಿಂದ 5ರಷ್ಟು ಮಾತ್ರ. ನೂರು ಕಿಲೋ ಅರಿಶಿಣದಿಂದ ನಾಲ್ಕು ಕಿಲೋ ಸಾರ ತೆಗೆದರೆ 96 ಕಿಲೋ ಉಳಿಯಿತು. ದ್ರಾವಕವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಇ ಫ್ಯಾಕ್ಟರ್ 24 ಆಯಿತು. ಆ ಉಳಿಕೆಯಲ್ಲಿರುವ ಪಿಷ್ಟಕ್ಕೂ ಅರಿಶಿಣದ ಎಣ್ಣೆಗೂ ಬಳಕೆ ಹುಡುಕಿದರೆ ಈ ಸಂಖ್ಯೆ ಇಳಿಯುತ್ತದೆ, ಇಲ್ಲದಿದ್ದರೆ ಅದೇ ನಿಮ್ಮ ಹಿತ್ತಲಿನ ಗುಡ್ಡ. ಇನ್ನು ದ್ರಾವಕ. ಒಂದು ಸುತ್ತಿಗೆ ಸಾವಿರ ಲೀಟರ್ ಬಳಸಿ ಶೇ 5ರಷ್ಟು ಕಳೆದುಕೊಂಡರೆ 50 ಲೀಟರ್ ಹೋಯಿತು. ವರ್ಷಕ್ಕೆ ಇನ್ನೂರು ಸುತ್ತು ನಡೆಸಿದರೆ ಹತ್ತು ಸಾವಿರ ಲೀಟರ್. ನಷ್ಟವನ್ನು ಶೇ 1ಕ್ಕೆ ಇಳಿಸಿದರೆ ಅದು ಎರಡು ಸಾವಿರ ಲೀಟರ್ ಆಗುತ್ತದೆ. ಉಳಿದ ಎಂಟು ಸಾವಿರ ಲೀಟರಿನ ಬೆಲೆಯನ್ನು ನಿಮ್ಮ ಊರಿನ ದರದಲ್ಲಿ ಗುಣಿಸಿ ನೋಡಿ, ಒಳ್ಳೆಯ ಕಂಡೆನ್ಸರ್ ಮತ್ತು ಮರುಪಡೆಯುವ ಸ್ತಂಭದ ಖರ್ಚು ಎಷ್ಟು ಬೇಗ ಹಿಂತಿರುಗುತ್ತದೆ ಎಂಬುದು ಕಾಣುತ್ತದೆ. ಇಂಡಿ ತಾಲ್ಲೂಕಿನ ನಿಂಬೆಯ ಸಿಪ್ಪೆಯಿಂದ, ಜಾಮ್ ಗಟ್ಟಿಯಾಗಿಸುವ ಪೆಕ್ಟಿನ್ ತೆಗೆಯುವವರಿಗೂ ವಿಜಯಪುರದ ದ್ರಾಕ್ಷಿಯ ಉಳಿಕೆಯನ್ನು ನೆಚ್ಚಿದವರಿಗೂ ಇದೇ ಹಾಳೆ ಹೊಂದುತ್ತದೆ.

ದ್ರಾವಕದ ಆಯ್ಕೆಯಲ್ಲಿ ಔಷಧ ನಿಯಮಗಳು ಆಗಲೇ ದಾರಿ ತೋರಿಸಿವೆ. ಔಷಧ ನಿಯಂತ್ರಕರೂ ಕಂಪನಿಗಳೂ ಸೇರಿದ ಐಸಿಎಚ್ ಎಂಬ ಮಂಡಳಿಯ, ಅಂತರರಾಷ್ಟ್ರೀಯವಾಗಿ ಪಾಲಿಸುವ ಮಾರ್ಗಸೂಚಿಯಲ್ಲಿ ಬೆಂಜೀನ್, ಕಾರ್ಬನ್ ಟೆಟ್ರಾಕ್ಲೋರೈಡ್ ಮೊದಲಾದವು ಬಳಸಲೇಬಾರದ ಮೊದಲ ವರ್ಗದಲ್ಲಿವೆ. ಹೆಕ್ಸೇನ್, ಡೈಕ್ಲೋರೋಮೀಥೇನ್, ಮೆಥನಾಲ್ ಮಿತಿಯಲ್ಲಿ ಬಳಸಬೇಕಾದ ಎರಡನೆಯ ವರ್ಗದಲ್ಲಿವೆ. ಎಥನಾಲ್, ಈಥೈಲ್ ಅಸಿಟೇಟ್, ಅಸಿಟೋನ್ ಮೂರನೆಯ, ಕಡಿಮೆ ಅಪಾಯದ ವರ್ಗದಲ್ಲಿವೆ. ಉತ್ಪನ್ನದಲ್ಲಿ ಹೆಕ್ಸೇನ್ ಉಳಿಕೆ 290 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 290 ಭಾಗ) ದಾಟಬಾರದು, ಈಥೈಲ್ ಅಸಿಟೇಟ್‌ಗೆ 5,000 ಪಿಪಿಎಂವರೆಗೆ ಅವಕಾಶವಿದೆ. ಈಥೈಲ್ ಅಸಿಟೇಟನ್ನು ಎಥನಾಲ್‌ನಿಂದಲೇ ಮಾಡಬಹುದು, ಎಥನಾಲ್ ನಮ್ಮ ಕಬ್ಬಿನಿಂದಲೇ ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಸಕ್ಕರೆ ಮತ್ತು ಎಥನಾಲ್ ತಯಾರಿಸುವ ಗೋದಾವರಿ ಬಯೋರಿಫೈನರೀಸ್ ಎಥನಾಲ್ ಮೂಲದ ರಾಸಾಯನಿಕಗಳನ್ನು ಮಾರುಕಟ್ಟೆಗೆ ತಂದಿರುವುದು ಈ ದಾರಿ ಕಲ್ಪನೆಯಲ್ಲ ಎಂಬುದಕ್ಕೆ ಸಾಕ್ಷಿ.

ವಿಧಾನ ಗಟ್ಟಿಯಾಗುವ ಮೊದಲೇ ಬದಲಿಸಿ

ಈ ಬರಹದಲ್ಲಿ ನಾನು ಅತ್ಯಂತ ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಮೂಲ ಔಷಧವೊಂದರ, ಅಂದರೆ ಮಾತ್ರೆಯೊಳಗೆ ಕೆಲಸ ಮಾಡುವ ದ್ರವ್ಯದ, ತಯಾರಿಕಾ ವಿಧಾನ ಒಮ್ಮೆ ಔಷಧ ನಿಯಂತ್ರಕರ ಕಡತಕ್ಕೆ ಹೋಗಿ ಅನುಮೋದನೆ ಪಡೆಯಿತೆಂದರೆ, ಅದರ ದ್ರಾವಕವನ್ನೋ ವೇಗವರ್ಧಕವನ್ನೋ ಬದಲಿಸಲು ಕಲ್ಮಶಗಳ ಹೊಸ ಪರೀಕ್ಷೆ, ಬಾಳಿಕೆಯ ಹೊಸ ಮಾಹಿತಿ, ಮತ್ತೆ ಅರ್ಜಿ, ಮತ್ತೆ ಕಾಯುವಿಕೆ ಎಲ್ಲವೂ ಬೇಕಾಗುತ್ತದೆ. ರಫ್ತು ಮಾಡುವವರಿಗೆ ಇದು ಪ್ರತಿ ದೇಶಕ್ಕೂ ಪ್ರತ್ಯೇಕ. ಔಷಧದ ಸುರಕ್ಷತೆಗಾಗಿ ಈ ಬಿಗಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಪರಿಣಾಮವಾಗಿ, ಹೆಚ್ಚು ಸ್ವಚ್ಛವಾದ ದಾರಿ ತಿಳಿದ ಮೇಲೂ ಕಂಪನಿಗಳು ಹಳೆಯ ದಾರಿಯಲ್ಲೇ ಉಳಿಯುತ್ತವೆ. ಐಬುಪ್ರೊಫೆನ್ ಇದಕ್ಕೆ ಪಾಠದಂತಿರುವ ಉದಾಹರಣೆ: ಹಳೆಯ ವಿಧಾನದಲ್ಲಿ ಆರು ಹಂತಗಳಿದ್ದು, ಬಳಸಿದ ಪರಮಾಣುಗಳಲ್ಲಿ ಸುಮಾರು ಶೇ 40ರಷ್ಟು ಮಾತ್ರ ಉತ್ಪನ್ನದಲ್ಲಿ ಉಳಿಯುತ್ತಿದ್ದವು, 1990ರ ದಶಕದಲ್ಲಿ ಬಂದ ಹೊಸ ವಿಧಾನ ಅದನ್ನು ಮೂರು ಹಂತಕ್ಕೆ ಇಳಿಸಿ ಶೇ 77ಕ್ಕೆ ಏರಿಸಿತು. ಅಂಥ ಚಿಂತನೆಗೆ ಸರಿಯಾದ ಸಮಯ ಪ್ರಯೋಗಾಲಯದ ಮೇಜು. ಅಲ್ಲಿ ಬದಲಾವಣೆಯ ಬೆಲೆ ಒಂದು ವಾರದ ದುಡಿಮೆ; ಅನುಮೋದನೆಯ ನಂತರ ಅದೇ ಬದಲಾವಣೆಯ ಬೆಲೆ ಎರಡು ಮೂರು ವರ್ಷ.

ಸಂತೋಷದ ಸಂಗತಿಯೆಂದರೆ ಆ ಮೇಜಿಗಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆಯಿದೆ, ಕೆಎಲ್ಇ ಸಂಸ್ಥೆಯ ಫಾರ್ಮಸಿ ಕಾಲೇಜಿದೆ. ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ವಿಜಯಪುರದಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆಗಳಿವೆ. ಇವರಲ್ಲಿಗೆ ಬರಿಗೈಯಲ್ಲಿ ಹೋಗಿ ಸಹಕಾರ ಕೇಳುವುದಕ್ಕಿಂತ ಮೇಲೆ ಹೇಳಿದ ಹಾಳೆಯನ್ನು ಹಿಡಿದುಕೊಂಡು ಹೋಗಿ, ಈ ಒಂದು ಹಂತದಲ್ಲಿ ತ್ಯಾಜ್ಯ ಹೆಚ್ಚಾಗುತ್ತಿದೆ, ಇದಕ್ಕೆ ಬೇರೆ ದಾರಿ ಇದೆಯೇ ಎಂದು ಕೇಳಿ.

ಸಮ್ಮತಿಗಳ ಅನುಕ್ರಮ

ಜಾಗದ ಆಯ್ಕೆಯಲ್ಲಿಯೇ ಅನುಮತಿಯ ಅರ್ಧ ಹಣೆಬರಹ ನಿರ್ಧಾರವಾಗುತ್ತದೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ 5(ಎಫ್) ಬಾಬಿನಡಿ ಮೂಲ ಔಷಧಗಳು, ಬಣ್ಣದ ಮಧ್ಯಂತರ ದ್ರವ್ಯಗಳು ಮತ್ತು ಇತರ ಸಂಶ್ಲೇಷಿತ ಸಾವಯವ ರಾಸಾಯನಿಕಗಳಿಗೆ ಪೂರ್ವ ಪರಿಸರ ಅನುಮತಿ ಬೇಕು. ಮಾತ್ರೆ, ಸಿರಪ್ ಮುಂತಾದ ಸಿದ್ಧ ಔಷಧಗಳನ್ನು ಮಾತ್ರ ಮಾಡುವ ಘಟಕಗಳನ್ನು ಆ ಬಾಬಿನಿಂದ ಹೊರಗಿಡಲಾಗಿದೆ. ಅಧಿಸೂಚಿತ ಕೈಗಾರಿಕಾ ಪ್ರದೇಶದೊಳಗಿನ ಘಟಕ ಸಾಮಾನ್ಯವಾಗಿ ರಾಜ್ಯಮಟ್ಟದ ಪ್ರಾಧಿಕಾರದ ಮುಂದೆ ಹೋಗುತ್ತದೆ, ಹೊರಗಿನದು ದೆಹಲಿಗೆ. ಇದರ ಜೊತೆಗೆ ಗಡಿನಾಡಿನವರಾದ ನಾವು ಗಮನಿಸಲೇಬೇಕಾದ ಒಂದು ಷರತ್ತಿದೆ: ಅಂತರರಾಜ್ಯ ಗಡಿಯಿಂದ 5 ಕಿಲೋಮೀಟರ್ ಒಳಗಿದ್ದರೆ ರಾಜ್ಯಮಟ್ಟದ ಯೋಜನೆಯೂ ಕೇಂದ್ರದ ಪರಿಶೀಲನೆಗೆ ಏರುತ್ತದೆ. ನಿಪ್ಪಾಣಿ, ಕಾಗವಾಡ, ಚಡಚಣದ ಕಡೆ ಅಗ್ಗದ ಜಮೀನು ಸಿಕ್ಕಿತೆಂದು ಮುಂಗಡ ಕೊಡುವ ಮೊದಲು ನಕ್ಷೆಯ ಮೇಲೆ ಅಳತೆ ಹಿಡಿಯಿರಿ. ಕೇವಲ ಸಸ್ಯದಿಂದ ಸಾರ ತೆಗೆಯುವ ಘಟಕ ಈ ಬಾಬಿಗೆ ಒಳಪಡುತ್ತದೆಯೇ ಎಂಬ ಅನುಮಾನವಿದ್ದರೆ ಬಾಯಿಮಾತಿನ ಉತ್ತರವನ್ನು ನಂಬದೆ ಲಿಖಿತ ಸ್ಪಷ್ಟನೆ ಪಡೆದುಕೊಳ್ಳಿ.

ಅನಂತರ 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. ಸ್ಥಾಪನೆಯ ಸಮ್ಮತಿ ಬೇಕಿದ್ದರೆ ಅದನ್ನು ಕಟ್ಟಡದ ಬುನಾದಿಗೆ ಮೊದಲೇ, ಚಾಲನೆಯ ಸಮ್ಮತಿಯನ್ನು ಉತ್ಪಾದನೆಗೆ ಮೊದಲೇ ಪಡೆಯಬೇಕು. ಯಂತ್ರಗಳನ್ನು ತರಿಸಿ ಜೋಡಿಸಿದ ಮೇಲೆ ಅರ್ಜಿ ಹಾಕಿ, ತಿಂಗಳುಗಟ್ಟಲೆ ಬ್ಯಾಂಕಿನ ಬಡ್ಡಿ ಕಟ್ಟುತ್ತ ಕುಳಿತ ಒಂದು ಘಟಕವನ್ನು ನಾನು ಹತ್ತಿರದಿಂದ ಕಂಡಿದ್ದೇನೆ; ಅವರ ರಸಾಯನ ವಿಜ್ಞಾನದಲ್ಲಿ ಯಾವ ದೋಷವೂ ಇರಲಿಲ್ಲ, ಅನುಕ್ರಮ ಮಾತ್ರ ತಪ್ಪಿತ್ತು. ಉದ್ಯಮಗಳನ್ನು ಮಾಲಿನ್ಯದ ಅಂಕದ ಮೇಲೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸುವ ಪದ್ಧತಿ 2016ರಲ್ಲಿ ಬಂದಿತು. 2025ರಲ್ಲಿ ಅದನ್ನು ಪರಿಷ್ಕರಿಸಿ ಅಗತ್ಯ ಪರಿಸರ ಸೇವೆಗಳಿಗೆ ನೀಲಿ ವರ್ಗವನ್ನು ಸೇರಿಸಲಾಗಿದೆ, ಬಿಳಿ ವರ್ಗಕ್ಕೆ 2024ರ ನವೆಂಬರ್‌ನಲ್ಲಿ ಸಮ್ಮತಿಯಿಂದಲೇ ವಿನಾಯಿತಿ ದೊರೆತಿದೆ. ಆದ್ದರಿಂದ ಸಲಹೆಗಾರರು ಕೊಡುವ ಹಳೆಯ ಪಟ್ಟಿಯನ್ನು ನೆಚ್ಚಬೇಡಿ.

ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳನ್ನು ಭಯದಿಂದ ಓದುವವರೇ ಹೆಚ್ಚು. ನಾನು ಅವನ್ನು ಅವಕಾಶವೆಂದು ಓದಲು ಹೇಳುತ್ತೇನೆ. ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಸಾಗಿಸುವಾಗ ರವಾನೆಪತ್ರ ಇರಲೇಬೇಕು ಎಂಬವು ಕಟ್ಟುಪಾಡುಗಳು ನಿಜ. ಆದರೆ ಅದೇ ನಿಯಮಗಳ 9ನೆಯ ನಿಯಮ, ಒಂದು ಕಾರ್ಖಾನೆಯ ಅಪಾಯಕಾರಿ ತ್ಯಾಜ್ಯವನ್ನು ಇನ್ನೊಂದು ಕಾರ್ಖಾನೆ ಕಚ್ಚಾವಸ್ತುವಾಗಿಯೋ ಇಂಧನವಾಗಿಯೋ ಬಳಸಲು, ಕೇಂದ್ರ ಮಂಡಳಿಯ ಕಾರ್ಯವಿಧಾನಕ್ಕೆ ಒಳಪಟ್ಟು, ಅನುಮತಿ ನೀಡುತ್ತದೆ. ಒಬ್ಬರ ಬಳಸಿದ ಆಮ್ಲ, ಬಳಸಿದ ದ್ರಾವಕ ಇನ್ನೊಬ್ಬರ ಬೇಡಿಕೆಯಾಗಬಹುದಾದ ದಾರಿ ಇದೇ. ಘಟಕ ಸಣ್ಣದಾದಷ್ಟೂ ಇಂಥ ನೆರೆಹೊರೆಯ ಒಪ್ಪಂದದ ಬೆಲೆ ಹೆಚ್ಚು.

ಕಬ್ಬಿನ ಎಥನಾಲ್ ನೆಚ್ಚಿದವರು ಅಬಕಾರಿ ಇಲಾಖೆಯನ್ನೂ ನೆನಪಿಡಬೇಕು. ಕೈಗಾರಿಕಾ ಮದ್ಯಸಾರವನ್ನು ನಿಯಂತ್ರಿಸುವ ಅಧಿಕಾರ ರಾಜ್ಯಗಳಿಗೂ ಇದೆಯೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಅಕ್ಟೋಬರ್ 23ರಂದು 8:1ರ ಬಹುಮತದಿಂದ ತೀರ್ಪಿತ್ತಿದೆ. ಮದ್ಯಸಾರವನ್ನು ದ್ರಾವಕವಾಗಿ ಬಳಸುವವರು ಅಬಕಾರಿಯ ಪರವಾನಗಿಗೆ ಬೇಕಾಗುವ ಕಾಲವನ್ನು ಯೋಜನೆಯಲ್ಲಿ ಮೊದಲೇ ಸೇರಿಸಿಕೊಳ್ಳಲಿ.

ಹಣ

15 ಕೋಟಿ ರೂಪಾಯಿವರೆಗಿನ ಹೂಡಿಕೆಯ ಪ್ರಸ್ತಾವಗಳು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಗೆ ಹೋಗುತ್ತವೆ, ಅಲ್ಲಿಗೆ ದಾರಿ ಜಿಲ್ಲಾ ಕೈಗಾರಿಕಾ ಕೇಂದ್ರ. ರಾಜ್ಯದ 2025–30ರ ಕೈಗಾರಿಕಾ ನೀತಿ ತಾಲ್ಲೂಕುಗಳನ್ನು ವಲಯಗಳಾಗಿ ಹಂಚಿರುವುದರಿಂದ, ಪಕ್ಕಪಕ್ಕದ ಎರಡು ತಾಲ್ಲೂಕುಗಳಲ್ಲಿ ಸಿಗುವ ನೆರವು ಬೇರೆಯಾಗಬಹುದು. ಜಾಗ ಅಂತಿಮಗೊಳಿಸುವ ಮೊದಲು ಕೇಳಿಕೊಳ್ಳಿ.

ಕೇಂದ್ರದ ಯೋಜನೆಗಳಲ್ಲಿ ಈಗಾಗಲೇ ನಡೆಯುತ್ತಿರುವ ಸಣ್ಣ ಔಷಧ ಘಟಕಗಳಿಗೆ ನೇರವಾಗಿ ಸಂಬಂಧಿಸಿದ್ದು, 2024ರಲ್ಲಿ ಪರಿಷ್ಕೃತಗೊಂಡ ಔಷಧ ತಂತ್ರಜ್ಞಾನ ಉನ್ನತೀಕರಣ ಯೋಜನೆ. ವಹಿವಾಟು 50 ಕೋಟಿಗಿಂತ ಕಡಿಮೆಯಿದ್ದರೆ ಅರ್ಹ ಹೂಡಿಕೆಯ ಶೇ 20, 250 ಕೋಟಿಗಿಂತ ಕಡಿಮೆಯಿದ್ದರೆ ಶೇ 15, 500 ಕೋಟಿಗಿಂತ ಕಡಿಮೆಯಿದ್ದರೆ ಶೇ 10ರಂತೆ, ಗರಿಷ್ಠ ಒಂದು ಕೋಟಿ ರೂಪಾಯಿವರೆಗೆ ಅದು ಮರುಪಾವತಿ ಮಾಡುತ್ತದೆ. ಗಾಳಿ ಶುದ್ಧೀಕರಣ, ನೀರಿನ ವ್ಯವಸ್ಥೆ, ಪ್ರಯೋಗಾಲಯದ ಜೊತೆಗೆ ತ್ಯಾಜ್ಯನೀರಿನ ಸಂಸ್ಕರಣೆಯೂ ಅದರ ವ್ಯಾಪ್ತಿಯಲ್ಲಿದೆ. ಮೊದಲು ಖರ್ಚು, ಆಮೇಲೆ ಮರುಪಾವತಿ ಎಂಬುದನ್ನು ಬ್ಯಾಂಕಿನೊಂದಿಗೆ ಮಾತಾಡುವಾಗಲೇ ಹೇಳಿಡಿ. ಔಷಧ ತಯಾರಿಕೆಯ ಗುಣಮಟ್ಟವನ್ನು ಹೇಳುವ ಪರಿಷ್ಕೃತ ಷೆಡ್ಯೂಲ್ ಎಂ ಪ್ರಕಾರ ಸಣ್ಣ ಘಟಕಗಳಿಗೂ ಗುಣಮಟ್ಟದ ನಿಯಮಗಳು ಬಿಗಿಯಾಗಿ, ಅವುಗಳಿಗೆ ಕೊಟ್ಟ ವಿಸ್ತರಣೆ 2025ರ ಡಿಸೆಂಬರ್ 31ರವರೆಗೆ ಮಾತ್ರ ಇದ್ದುದರಿಂದ, ಹೇಗೂ ಗೋಡೆ ಒಡೆದು ಕಟ್ಟುವ ಸಂದರ್ಭದಲ್ಲಿಯೇ ದ್ರಾವಕ ಮರುಪಡೆಯುವ ವ್ಯವಸ್ಥೆಯನ್ನೂ ಸೇರಿಸಿಕೊಳ್ಳುವುದು ಬುದ್ಧಿವಂತಿಕೆ.

ಸರ್ಕಾರದ ಒಲವು ಯಾವ ಕಡೆಗಿದೆ ಎಂಬುದನ್ನು ತಿಳಿಯಲು ಎರಡು ಗುರುತುಗಳನ್ನು ನೋಡಿ. 2020ರ ಮೂಲ ಔಷಧ ಉತ್ಪಾದನಾ ಪ್ರೋತ್ಸಾಹ ಯೋಜನೆಯಲ್ಲಿ ರಾಸಾಯನಿಕ ಸಂಶ್ಲೇಷಣೆಗೆ ಶೇ 10 ಇದ್ದರೆ, ಹುದುಗುವಿಕೆಯಿಂದ ಬರುವ ಉತ್ಪನ್ನಗಳಿಗೆ ಆರಂಭದ ವರ್ಷಗಳಲ್ಲಿ ಶೇ 20 ಇಡಲಾಯಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಬಯೋಇ3 ನೀತಿ ಜೈವಿಕ ಮೂಲದ ರಾಸಾಯನಿಕಗಳು ಮತ್ತು ಕಿಣ್ವಗಳನ್ನು ತನ್ನ ಮುಖ್ಯ ಕ್ಷೇತ್ರಗಳಲ್ಲಿ ಒಂದಾಗಿ ಎಣಿಸಿತು. ಕಬ್ಬು, ಕಾಕಂಬಿ, ಮೆಕ್ಕೆಜೋಳ ಹೇರಳವಾಗಿರುವ ಮೂರು ಜಿಲ್ಲೆಗಳಿಗೆ ಇದಕ್ಕಿಂತ ನೇರವಾದ ಸೂಚನೆ ಬೇಕಿಲ್ಲ.

ಪೇಟೆಂಟ್ ಮತ್ತು ಸಸ್ಯಸಂಪತ್ತು

ಪೇಟೆಂಟ್ ಅರ್ಜಿ ದುಬಾರಿಯೆಂಬ ನಂಬಿಕೆ ಈಗ ಪೂರ್ತಿ ನಿಜವಲ್ಲ. ನವೋದ್ಯಮ, ಸಣ್ಣ ಉದ್ಯಮ ಮತ್ತು ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ 80 ರಿಯಾಯಿತಿ ಇದ್ದು, ಆನ್‌ಲೈನ್ ಅರ್ಜಿಗೆ ಮೂಲ ಶುಲ್ಕ 8,000ದ ಬದಲು 1,600 ರೂಪಾಯಿ. ಸಮ್ಮೇಳನದಲ್ಲಿ ಪ್ರಬಂಧ ಮಂಡಿಸುವ ಮೊದಲು ತಾತ್ಕಾಲಿಕ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ಅರ್ಜಿ ಕೊಡಿ. ಸಾಂಪ್ರದಾಯಿಕ ಜ್ಞಾನವನ್ನೇ ಶೋಧವೆಂದು ತೋರಿಸಿದರೆ ಪೇಟೆಂಟ್ ಕಾಯ್ದೆಯ 3(ಪಿ) ಸೆಕ್ಷನ್ ತಡೆಯುತ್ತದೆ. ಅರಿಶಿಣದಿಂದ ಗಾಯ ಮಾಯುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟನ್ನು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಪ್ರಶ್ನಿಸಿ 1997ರಲ್ಲಿ ರದ್ದುಪಡಿಸಿದ್ದು ನಮಗೆಲ್ಲ ಗೊತ್ತಿರುವ ಕಥೆ. ನಿಮ್ಮ ಹಕ್ಕು ಅರಿಶಿಣದ ಗುಣದ ಮೇಲೆ ಅಲ್ಲ, ಅದನ್ನು ಕಡಿಮೆ ದ್ರಾವಕದಲ್ಲಿ ಬಿಡಿಸುವ ನಿಮ್ಮ ಹೊಸ ವಿಧಾನದ ಮೇಲೆ ನಿಲ್ಲಬೇಕು. ಸಸ್ಯಮೂಲದ ಶೋಧಗಳಿಗೆ ಜೀವವೈವಿಧ್ಯ ಕಾಯ್ದೆಯ 2023ರ ತಿದ್ದುಪಡಿಯಂತೆ ಪೇಟೆಂಟ್ ಮಂಜೂರಾಗುವ ಮೊದಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಣಿಯೂ ಬೇಕು.

ಕರಡು ಬಂದಾಗ ಬರೆಯಿರಿ

ನೀತಿಯನ್ನು ಬಳಸುವವರಷ್ಟೇ ಅಲ್ಲ, ತಿದ್ದುವವರೂ ನಾವಾಗಬೇಕು. 2020ರ ಜನವರಿಯಲ್ಲಿ ಬಂದ ಕರಡು ಅಧಿಸೂಚನೆ ಮೂಲ ಔಷಧ ಕಾರ್ಖಾನೆಗಳ ತ್ಯಾಜ್ಯನೀರಿನಲ್ಲಿ ಪ್ರತಿಜೀವಕಗಳ (ಆಂಟಿಬಯೋಟಿಕ್‌ಗಳ) ಉಳಿಕೆಗೆ ಮಿತಿ ಹಾಕಿತ್ತು. 2021ರ ಆಗಸ್ಟ್‌ನ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಉಳಿಯಲಿಲ್ಲ. ಔಷಧಕ್ಕೆ ಬಗ್ಗದ ಸೋಂಕುಗಳು ಹೆಚ್ಚುತ್ತಿರುವ ಕಾಲದಲ್ಲಿ ಇದು ದೊಡ್ಡ ಕೊರತೆಯೆಂದು ನಾನು ಭಾವಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಈ ಬಗ್ಗೆ ಮಾರ್ಗಸೂಚಿ ಪ್ರಕಟಿಸಿರುವುದರಿಂದ ವಿಷಯ ಮತ್ತೆ ಮೇಲೆ ಬರುತ್ತದೆ. ಪ್ರತಿಜೀವಕ ತಯಾರಿಸುವವರು ಮಿತಿ ಬರುವುದೆಂದೇ ತಿಳಿದು ಘಟಕ ವಿನ್ಯಾಸ ಮಾಡಲಿ. ಪರಿಸರ ಸಂರಕ್ಷಣಾ ಕಾಯ್ದೆಯಡಿಯ ಕರಡುಗಳಿಗೆ ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ 60 ದಿನ ಇರುತ್ತದೆ. ಬರೆಯುವಾಗ ಸಣ್ಣ ಉದ್ಯಮಕ್ಕೆ ಹೊರೆಯಾಗುತ್ತದೆ ಎಂಬ ಒಂದು ಸಾಲು ಸಾಲದು. ನಿಮ್ಮ ಹಾಳೆಯ ಅಂಕಿಗಳನ್ನು ಕೊಟ್ಟು, ಯಾವ ಮಿತಿ, ಎಷ್ಟು ಕಾಲಾವಕಾಶ, ಸ್ವಚ್ಛ ವಿಧಾನಕ್ಕೆ ಬದಲಾಗುವವರಿಗೆ ಔಷಧ ಅನುಮೋದನೆಯಲ್ಲಿ ಎಂಥ ತ್ವರಿತ ದಾರಿ ಬೇಕು ಎಂಬುದನ್ನು ಕಲಮು ಕಲಮಾಗಿ ಹೇಳಿ.

ಸಾರ್ವಜನಿಕ ಅಹವಾಲು ನಡೆಯುವ ಯೋಜನೆಗಳಲ್ಲಿ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ವರದಿಯ ಕರಡು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿ ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಓದಲು ಸಿಗುತ್ತದೆ, ಅದರ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಉದ್ಯಮಿಯಾಗಿರಲಿ, ಪಕ್ಕದ ಹೊಲದ ರೈತನಾಗಿರಲಿ, ಮೊದಲು ತೆರೆಯಬೇಕಾದದ್ದು ನೀರಿನ ಲೆಕ್ಕದ ಪುಟವನ್ನು. ಮಾರ್ಚ್‌ನಿಂದ ಮೇವರೆಗಿನ ಅಂಕಿಗಳು ಅದರಲ್ಲಿ ಪ್ರತ್ಯೇಕವಾಗಿ ಇಲ್ಲದಿದ್ದರೆ, ಅಹವಾಲಿನ ದಿನ ಕೇಳುವ ಮೊದಲ ಪ್ರಶ್ನೆ ಅದೇ ಆಗಿರಲಿ, ಮತ್ತು ಆ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಂಡು ಬನ್ನಿ.